ವೆಸ್ನಾತ್: ಬಿಟ್ಟಿ ಗೇಮ್, ಆದ್ರೆ ತಲೆ ಓಡಿಸಲೇಬೇಕು

'ಬ್ಯಾಟಲ್ ಫಾರ್ ವೆಸ್ನಾತ್' ಅನ್ನೋ, ಸರದಿ ಪ್ರಕಾರ ಸೈನ್ಯ ನಡೆಸುವ ಯುದ್ಧದ ಆಟ 2003ರಿಂದ ಇದೆ, ಕಂಪ್ಯೂಟರ್‌ನಲ್ಲಿ ಪೂರ್ತಿ ಉಚಿತ. ಗ್ರಾಫಿಕ್ಸ್ ಹಳೇ ಕಾಲದ್ದು, ಬಿಡಿ.

ಮಜಾ ಇರೋದು ಯೂನಿಟ್‌ಗಳಲ್ಲಿ, ಅಂದ್ರೆ ನೀವು ನಡೆಸೋ ಒಬ್ಬೊಬ್ಬ ಯೋಧನಲ್ಲಿ. ಒಂದೇ ಬೆಲೆಗೆ ಇಬ್ಬರು ಸ್ಪಿಯರ್‌ಮನ್ (ಈಟಿ ಹಿಡಿದ ಸೈನಿಕ) ತಗೊಂಡರೂ ಇಬ್ಬರೂ ಒಂದೇ ಥರ ಇರಬೇಕಿಲ್ಲ, ಬೇರೆ ಬೇರೆ ಗುಣ ಸಿಗಬಹುದು. 'ಕ್ವಿಕ್' ಗುಣ ಬಂದವನು ಒಂದು ಮನೆ ಜಾಸ್ತಿ ನಡೆಯುತ್ತಾನೆ, ಆದರೆ ಜೀವ ಸ್ವಲ್ಪ ಕಮ್ಮಿ. 'ಇಂಟೆಲಿಜೆಂಟ್' ಆದವನಿಗೆ ಮುಂದಿನ ಲೆವೆಲ್‌ಗೆ 20% ಕಡಿಮೆ ಅನುಭವ ಸಾಕು. ಲೆವೆಲ್ ಏರಿದಾಗ ಅವನನ್ನು ಸ್ವೋರ್ಡ್ಸ್‌ಮನ್ (ಕತ್ತಿಯವನು) ಮಾಡಬೇಕಾ, ಪೈಕ್‌ಮನ್ (ಉದ್ದ ಈಟಿಯವನು) ಮಾಡಬೇಕಾ, ಜಾವೆಲಿನಿಯರ್ (ಈಟಿ ಎಸೆಯೋನು) ಮಾಡಬೇಕಾ ಅನ್ನೋದು ನಿಮಗೆ ಬಿಟ್ಟಿದ್ದು.

ಎದುರಿಗೆ ಯಾರಿದ್ದಾರೆ ಅಂತ ನೋಡದೆ ಸುಮ್ನೆ ನುಗ್ಗಿದರೆ ಕೆಟ್ಟಿರಿ. ಅಸ್ಥಿಪಂಜರಕ್ಕೆ ಈಟಿಯಿಂದ ಚುಚ್ಚಿದರೆ ಏಟಿನ 60% ವ್ಯರ್ಥ. ಅದೇ ಗದೆಯಲ್ಲಿ ಹೊಡೆಯಿರಿ, ಮೂಳೆ ಪುಡಿಪುಡಿ! ಜೊತೆಗೆ ಅವು ರಾತ್ರಿ 25% ಜೋರಾಗಿ ಹೊಡೆಯುತ್ತವೆ, ನಿಮ್ಮ ಸ್ಪಿಯರ್‌ಮನ್‌ಗೆ ಹಗಲೇ ಬಲ.

ನಿಮ್ಮದೇ ಯೂನಿಟ್ ಬೇಕಾ? ಎಲ್ಲವೂ ಸಾದಾ ಟೆಕ್ಸ್ಟ್ ಫೈಲ್, ನೋಟ್‌ಪ್ಯಾಡ್‌ನಲ್ಲೇ ಜೀವ, ಬೆಲೆ, ಏಟು ಬದಲಿಸಬಹುದು.

ಬೇಜಾರು ಒಂದೇ, ಅದೃಷ್ಟದ ಆಟ ಸ್ವಲ್ಪ ಜಾಸ್ತಿ. ಕಾಡಿನಲ್ಲಿ ನಿಂತ ಎಲ್ಫ್‌ಗೆ ನಾಲ್ಕು ಏಟು ಬೀಸಿ ನಾಲ್ಕೂ ತಪ್ಪಿದರೆ ಸಿಟ್ಟು ಬರಲ್ವಾ?