ಮೂಗು ತಲೆಯ ಹಿಂದೆ ಬಂದಿತ್ತು: ಎಂಆರ್‌ಐ ಕಲಿಯಲು ನಾನು ಹಿಡಿದ ದಾರಿಗಳು

ನಾನು ಓದಿದ್ದು ಮನಃಶಾಸ್ತ್ರ. ಪಿಯುಸಿ ಮುಗಿದ ಮೇಲೆ ಭೌತಶಾಸ್ತ್ರದ ಪುಸ್ತಕ ಮುಟ್ಟಿರಲಿಲ್ಲ. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಡುವಾಗ ಸೆಮಿನಾರುಗಳಲ್ಲಿ ಮಿದುಳಿನ ಬಣ್ಣದ ಚಿತ್ರಗಳು ಬರುತ್ತಲೇ ಇದ್ದವು. "ಇಲ್ಲಿ ಕೆಂಪು ಕಾಣುತ್ತಿದೆಯಲ್ಲ, ಅಲ್ಲಿ ಚಟುವಟಿಕೆ ಜಾಸ್ತಿ" ಎಂದು ನಾನೂ ಧೈರ್ಯವಾಗಿ ಹೇಳಿಬಿಡುತ್ತಿದ್ದೆ. ಆ ಕೆಂಪು ಬಂದದ್ದು ಎಲ್ಲಿಂದ ಅಕ್ಕ ಎಂದು ಒಬ್ಬ ಜೂನಿಯರ್ ಹುಡುಗಿ ಕೇಳಿದಾಗ ಬಾಯಿ ಕಟ್ಟಿತು.

ಆಮೇಲೆ ಎಂಟು ತಿಂಗಳು, ಅಯಸ್ಕಾಂತ ಮತ್ತು ರೇಡಿಯೊ ಅಲೆಗಳಿಂದ ಮೈಯೊಳಗಿನ ಚಿತ್ರ ತೆಗೆಯುವ ಈ ಎಂಆರ್‌ಐ ಹಿಂದೆ ಬಿದ್ದೆ. ವಿಡಿಯೊ ಪಾಠ, ದಪ್ಪ ಪುಸ್ತಕ, ಸ್ಕ್ಯಾನ್ ಸೆಂಟರಿನ ಕೋಣೆ, ಮನೆಯ ಲ್ಯಾಪ್‌ಟಾಪ್ ಎಲ್ಲವನ್ನೂ ನೋಡಿದೆ. ಎಲ್ಲಕ್ಕೂ ಒಂದೇ ಪ್ರಶ್ನೆ ಇಟ್ಟೆ. ತಲೆಯೊಳಗಿನ ನೀರಿನ ಹೈಡ್ರೋಜನ್ ಎಲ್ಲ ಒಟ್ಟಿಗೇ ಸಿಗ್ನಲ್ ಕೊಡುತ್ತದೆ. ಹಾಗಿದ್ದ ಮೇಲೆ ಯಾವುದು ಹಣೆಯದ್ದು, ಯಾವುದು ಹಿಂದಲೆಯದ್ದು ಎಂದು ಮೆಷಿನ್ನಿಗೆ ಗೊತ್ತಾಗುವುದು ಹೇಗೆ? ಇದನ್ನು ತಿಳಿಸಿಕೊಟ್ಟ ದಾರಿಯೇ ನನ್ನ ಮಟ್ಟಿಗೆ ಒಳ್ಳೆಯ ದಾರಿ.

ಮೊದಲು ವಿಡಿಯೊ. ಮನೆ ಮಂಡ್ಯದಲ್ಲಿ, ಓದು ಮೈಸೂರಿನಲ್ಲಿ. ರೈಲಿನಲ್ಲಿ ಮುಕ್ಕಾಲು ಗಂಟೆ ಸಿಗುತ್ತಿತ್ತು, ಹೋಗುವಾಗ ಒಂದು ಪಾಠ, ಬರುವಾಗ ಒಂದು. ಶುರು ಮಾಡುವವರಿಗೆ ಇದರಷ್ಟು ಸುಲಭದ್ದು ಬೇರೆ ಇಲ್ಲ. ಪ್ರೋಟಾನು, ಅಂದರೆ ಹೈಡ್ರೋಜನ್ನಿನ ನಡುವಿನ ಕಣ, ಅಯಸ್ಕಾಂತದೊಳಗೆ ಬುಗುರಿಯ ಹಾಗೆ ಓಲಾಡುವುದನ್ನು ಪುಸ್ತಕದಲ್ಲಿ ಹತ್ತು ಸಲ ಓದುವುದಕ್ಕಿಂತ ಒಂದು ಸಲ ನೋಡುವುದು ಮೇಲು. ಮೆದುಳು ಕೆಲಸ ಮಾಡುವಾಗಿನ ಚಿತ್ರ, ಅಂದರೆ ಎಫ್‌ಎಂಆರ್‌ಐ, ಅದನ್ನೂ ವಿಡಿಯೊಗಳೇ ಚೆನ್ನಾಗಿ ಹೇಳಿದವು. ಮೆಷಿನ್ನು ನೋಡುವುದು ಯೋಚನೆಯನ್ನಲ್ಲ, ರಕ್ತದಲ್ಲಿನ ಆಮ್ಲಜನಕದ ಏರುಪೇರನ್ನು. ಇದನ್ನು 1990ರಲ್ಲಿ ತೋರಿಸಿಕೊಟ್ಟವರು ಜಪಾನಿನ ವಿಜ್ಞಾನಿ ಸೆಯ್ಜಿ ಒಗಾವಾ. ನರಕೋಶ ಕೆಲಸ ಮಾಡಿದ ಐದಾರು ಸೆಕೆಂಡ್ ಆದ ಮೇಲೆ ಆ ಸಿಗ್ನಲ್ ತುದಿ ಮುಟ್ಟುತ್ತದೆ. 2009ರಲ್ಲಿ ಅಮೆರಿಕದ ಕೆಲವರು ಸತ್ತ ಸಾಲ್ಮನ್ ಮೀನನ್ನು ಮೆಷಿನ್ನಿಗೆ ಹಾಕಿ, ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಅದರ ಮಿದುಳಲ್ಲೂ 'ಚಟುವಟಿಕೆ' ಸಿಗುತ್ತದೆ ಎಂದು ತೋರಿಸಿದ್ದರು. ಅದನ್ನು ನೋಡಿದ ದಿನ ನನ್ನ ಹಳೆಯ ಸೆಮಿನಾರೆಲ್ಲ ನೆನಪಾಗಿ ಮುಖ ಬಿಸಿಯಾಯಿತು.

ಆದರೆ ನನ್ನ ಪ್ರಶ್ನೆಗೆ ವಿಡಿಯೊ ಅರ್ಧ ಉತ್ತರ ಕೊಟ್ಟಿತು. ಗ್ರೇಡಿಯೆಂಟ್ ಎಂಬ ತಂತಿಯ ಸುರುಳಿ ಒಂದು ಕಡೆ ಅಯಸ್ಕಾಂತದ ಬಲ ಚೂರು ಹೆಚ್ಚಿಸಿ, ಇನ್ನೊಂದು ಕಡೆ ಚೂರು ತಗ್ಗಿಸುತ್ತದೆ. ಹಾರ್ಮೋನಿಯಂ ಮನೆಗಳ ಹಾಗೆ, ಎಡಗಿವಿಯ ಕಡೆ ಕೆಳಗಿನ ಸ್ವರ, ಬಲಗಿವಿಯ ಕಡೆ ಮೇಲಿನ ಸ್ವರ. ಸ್ವರ ಕೇಳಿ ಜಾಗ ಹೇಳಬಹುದು. ಸರಿ, ಇದು ಒಂದು ದಿಕ್ಕಾಯಿತು. ಇನ್ನೊಂದು ದಿಕ್ಕಿಗೆ 'ಫೇಸ್ ಎನ್‌ಕೋಡಿಂಗ್' ಎಂದು ಹೇಳಿ, ಒಂದು ಬಾಣ ತೋರಿಸಿ, ಮೇಷ್ಟ್ರು ಮುಂದೆ ಹೋಗಿಬಿಟ್ಟರು. ಮೂರು ಬೇರೆ ಬೇರೆ ಪಾಠಗಳಲ್ಲೂ ಇದೇ ಕತೆ.

ಪುಸ್ತಕ ಹಿಡಿದೆ. ಲೈಬ್ರರಿಯದ್ದು, ದಿಂಬಿನಷ್ಟು ದಪ್ಪ. ಲೆಕ್ಕ ಬರದವರಿಗೆ ಎರಡನೇ ಅಧ್ಯಾಯದಲ್ಲೇ ನಿದ್ದೆ. ಆದರೂ ಬೈಯಲಾರೆ, ಅಂಕಿಗಳು ಗಟ್ಟಿಯಾಗಿ ಕೂತದ್ದು ಅಲ್ಲೇ. ಅಯಸ್ಕಾಂತದ ಬಲ ಅಳೆಯುವುದು ಟೆಸ್ಲಾದಲ್ಲಿ. 1 ಟೆಸ್ಲಾಗೆ ಹೈಡ್ರೋಜನ್ 42.58 ಮೆಗಾಹರ್ಟ್ಸ್‌ನಲ್ಲಿ ಓಲಾಡುತ್ತದೆ. 1.5 ಟೆಸ್ಲಾ ಮೆಷಿನ್ನಿನಲ್ಲಿ ಸುಮಾರು 63.9, 3 ಟೆಸ್ಲಾದಲ್ಲಿ 127.7. ನಮ್ಮ ಮೈಸೂರು ಆಕಾಶವಾಣಿಯ 100.6 ಇವೆರಡರ ನಡುವೆ ಬರುತ್ತದೆ! ಸ್ಕ್ಯಾನ್ ಕೋಣೆಯ ಗೋಡೆಗೆ ತಾಮ್ರದ ಹೊದಿಕೆ ಹಾಕುವುದು ಹೊರಗಿನ ರೇಡಿಯೊ ಸದ್ದು ಒಳಗೆ ಬಾರದಿರಲಿ ಎಂದೇ. ಅಂದಹಾಗೆ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೊ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು. ಮನಃಶಾಸ್ತ್ರದವಳಿಗೆ ರೇಡಿಯೊ ಯಾಕೆ ಎಂದು ಇನ್ನು ಯಾರೂ ಕೇಳುವ ಹಾಗಿಲ್ಲ.

ನಡುವೆ 1,800 ರೂಪಾಯಿ ಕೊಟ್ಟು ಎರಡು ದಿನದ ಆನ್‌ಲೈನ್ ವರ್ಕ್‌ಶಾಪಿಗೂ ಕೂತಿದ್ದೆ. ಸ್ಲೈಡ್ ಓದಿದರು, ಸರ್ಟಿಫಿಕೇಟ್ ಕಳಿಸಿದರು. ಮುಗೀತು.

ಪರಿಚಯದವರ ಕಡೆಯಿಂದ ಮೈಸೂರಿನ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಶನಿವಾರಗಳಂದು ಕೂರಲು ಒಪ್ಪಿಗೆ ಸಿಕ್ಕಿತು. ಕೀ, ಬೆಲ್ಟು, ವಾಚು, ಎಟಿಎಂ ಕಾರ್ಡು ಎಲ್ಲ ಹೊರಗೆ. ಮ್ಯಾಗ್ನೆಟ್ಟು ರಾತ್ರಿಯೂ ಆಫ್ ಆಗುವುದಿಲ್ಲ ಎಂದು ಮೊದಲ ದಿನವೇ ಹೆದರಿಸಿದರು. ಟೆಕ್ನೀಷಿಯನ್ ಸರ್ ಮದ್ದೂರು ಕಡೆಯವರು, ನಾನು ಮಂಡ್ಯದವಳು ಎಂದದ್ದಕ್ಕೆ ಸಲುಗೆ ಬೇಗ ಬಂತು. ಪುಸ್ತಕದಲ್ಲಿ ಮೂರು ವಾರ ಒದ್ದಾಡಿದ್ದು ಅಲ್ಲಿ ಒಂದೇ ಬೆಳಿಗ್ಗೆ ತಿಳಿಯಿತು. ಟಿ1, ಟಿ2, ಫ್ಲೇರ್ ಎಂದರೆ ಒಂದೇ ತಲೆಯನ್ನು ತೆಗೆಯುವ ಬೇರೆ ಬೇರೆ ಬಗೆಯ ಸ್ಕ್ಯಾನು. ಟಿ1ನಲ್ಲಿ ಮಿದುಳಿನ ಸುತ್ತಲಿನ ನೀರು ಕಪ್ಪು, ಟಿ2ನಲ್ಲಿ ಬೆಳ್ಳಗೆ, ಫ್ಲೇರ್ ಅಂದರೆ ಟಿ2 ಥರವೇ ಆದರೆ ಆ ನೀರನ್ನು ಮಾತ್ರ ಕಪ್ಪು ಮಾಡಿದ್ದು. ಮಾತು ತೊದಲಿತು ಎಂದು ಯಾರಾದರೂ ಬಂದರೆ ಎಲ್ಲಕ್ಕಿಂತ ಮೊದಲು ಡಿಫ್ಯೂಷನ್, ಅಂದರೆ ನೀರಿನ ಕಣಗಳ ಓಡಾಟ ತೋರಿಸುವ ಸ್ಕ್ಯಾನ್, ಓಡಿಸುತ್ತಾರೆ. ಪಾರ್ಶ್ವವಾಯು ಅದರಲ್ಲಿ ಬೇಗ ಕಾಣುತ್ತದೆ. ಇಂಥದ್ದನ್ನೆಲ್ಲ ಯಾವ ಪಾಠವೂ ಈ ಕ್ರಮದಲ್ಲಿ ಹೇಳಿರಲಿಲ್ಲ.

ಮೂರನೇ ಶನಿವಾರ ಸರ್ ಒಂದು ಹಳೆಯ ಚಿತ್ರ ತೆಗೆದರು, ಹೆಸರು ಮುಚ್ಚಿ. ಪಕ್ಕದಿಂದ ಕಾಣುವ ತಲೆ. ಮುಂದೆ ಮೂಗಿನ ತುದಿ ಇಲ್ಲ. ಅದು ತಲೆಯ ಹಿಂಭಾಗದಲ್ಲಿ, ಕತ್ತಿನ ಮೇಲೆ ಕೂತಿದೆ!

"ಯಾಕಮ್ಮ, ಹಂಗ್ ನೋಡ್ತೀಯ? ಮೂಗು ಸುತ್ತಾಕೊಂಡು ಹಿಂದಕ್ಕೆ ಬಂದೈತೆ."

"ಯಾಕೆ ಸರ್ ಹಂಗಾಗುತ್ತೆ?"

"ಚಿತ್ರ ತೆಗೆಯೋ ಜಾಗ, ಅದೇ ಫೀಲ್ಡ್, ಚಿಕ್ಕದು ಇಟ್ಟಿದ್ರೆ ಆಯ್ತದೆ. ಫೇಸ್ ದಿಕ್ಕು ಬದಲಾಯಿಸಿದ್ರೆ ಹೋಯ್ತದೆ. ಅಷ್ಟೇ."

ಅಷ್ಟೇ ಎಂದರು. ನನಗೆ ಅಷ್ಟಕ್ಕೆ ತೃಪ್ತಿ ಇಲ್ಲ. ಸೆಂಟರಿನ ಮಿತಿ ಇದೇ. ಏನು ಮಾಡಬೇಕು ಎಂಬುದು ಅವರ ಬೆರಳ ತುದಿಯಲ್ಲಿರುತ್ತದೆ, ಯಾಕೆ ಎಂದು ಕೇಳುವಷ್ಟರಲ್ಲಿ ಮುಂದಿನ ಪೇಷಂಟ್ ಬಂದಿರುತ್ತಾರೆ.

ಉತ್ತರ ಸಿಕ್ಕಿದ್ದು ಲ್ಯಾಪ್‌ಟಾಪಿನಲ್ಲಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ನನಗೆ ಅಷ್ಟಕ್ಕಷ್ಟೆ. ಸುಮ್ನೆ 256 ಸಾಲಿನ ಒಂದು ಉಚಿತ ತಲೆಚಿತ್ರ ಇಳಿಸಿಕೊಂಡು ಅದನ್ನು ಫೂರಿಯರ್ ಲೆಕ್ಕಕ್ಕೆ, ಅಂದರೆ ಚಿತ್ರವನ್ನು ಅಲೆಗಳಾಗಿ ಬಿಡಿಸುವ ಲೆಕ್ಕಕ್ಕೆ, ಹಾಕಿದೆ. ಮೆಷಿನ್ನು ನಿಜವಾಗಿ ಅಳೆಯುವುದು ಚಿತ್ರವನ್ನಲ್ಲ, ಈ ಲೆಕ್ಕದ ಹಾಳೆಯನ್ನು. ಅದರ ಹೆಸರು ಕೆ-ಸ್ಪೇಸ್. ನಡುವಿನ ಸಣ್ಣ ಚೌಕ ಮಾತ್ರ ಉಳಿಸಿ ಮತ್ತೆ ಚಿತ್ರ ಮಾಡಿದೆ, ಮಬ್ಬು ತಲೆ ಬಂತು, ಕಪ್ಪು ಬಿಳುಪು ಮಾತ್ರ ಹಾಗೇ ಇತ್ತು. ನಡು ತೆಗೆದು ಅಂಚು ಉಳಿಸಿದೆ, ಬರೀ ಗೆರೆಗಳು ಬಂದವು. ಆಮೇಲೆ ಒಂದು ಬಿಟ್ಟು ಒಂದು ಸಾಲು ಅಳಿಸಿದೆ. ತೆರೆಯ ಮೇಲೆ ಎರಡು ತಲೆ! ಅರ್ಧ ಚಿತ್ರದಷ್ಟು ದೂರ ಸರಿದ ಇನ್ನೊಂದು ತಲೆ ಮೊದಲನೆಯದರ ಮೇಲೇ ಕೂತಿತ್ತು. ಒಂದರ ಮೂಗು ಇನ್ನೊಂದರ ಹಿಂದಲೆಗೆ ತಾಗಿತ್ತು.

ಆ ರಾತ್ರಿ ಫೇಸ್ ಎನ್‌ಕೋಡಿಂಗ್ ತಲೆಗೆ ಹತ್ತಿತು. ಒಂದು ಸಾಲು ಎಂದರೆ ಒಂದು ಅಳತೆ. ಪ್ರತಿ ಅಳತೆಗೆ ಮುಂಚೆ ಗ್ರೇಡಿಯೆಂಟನ್ನು ಒಂದು ಮೆಟ್ಟಿಲು ಹೆಚ್ಚಿಸಿ ಪ್ರೋಟಾನುಗಳನ್ನು ಚೂರು ಚೂರು ತಿರುಗಿಸಿಡುತ್ತಾರೆ. ದೂರ ಇದ್ದದ್ದು ಜಾಸ್ತಿ ತಿರುಗುತ್ತದೆ. ಸಾಲು ಬಿಟ್ಟರೂ, ಫೀಲ್ಡ್ ಚಿಕ್ಕದು ಇಟ್ಟರೂ ಮೆಟ್ಟಿಲು ದೊಡ್ಡದಾಗುತ್ತದೆ. ಆಗ ಕೆಲವು ಒಂದು ಪೂರ್ತಿ ಸುತ್ತು ಹೆಚ್ಚು ಬಂದುಬಿಡುತ್ತವೆ. ಗಡಿಯಾರದ ಮುಳ್ಳು ನೋಡಿ ಮಧ್ಯಾಹ್ನದ ಮೂರೋ, ಬೆಳಗಿನ ಜಾವದ ಮೂರೋ ಹೇಳಲಾಗದು, ಅಲ್ವಾ? ಹಾಗೆಯೇ ಮೆಷಿನ್ನಿಗೆ ಮೂಗೂ ಹಿಂದಲೆಯೂ ಒಂದೇ ಎನ್ನಿಸುತ್ತದೆ. ಸ್ಕ್ಯಾನ್ ಇಷ್ಟು ಹೊತ್ತು ಯಾಕೆ ಎಂಬುದೂ ಇಲ್ಲೇ ಇದೆ. ಹಳೆಯ ಸಾದಾ ವಿಧಾನದಲ್ಲಿ ಸಾಲಿಗೆ ಅರ್ಧ ಸೆಕೆಂಡ್ ಅಂದರೂ 256 ಸಾಲಿಗೆ 128 ಸೆಕೆಂಡ್.

ಯಾರಾದರೂ ಕೇಳಿದರೆ ನಾನು ಹೇಳುವ ಕ್ರಮ ಇದು: ವಿಡಿಯೊ ನಾಲ್ಕು ವಾರ, ಆಮೇಲೆ ಹೇಗಾದರೂ ಸೆಂಟರಿನಲ್ಲಿ ಎರಡು ಮೂರು ದಿನ, ಅಲ್ಲಿ ಹುಟ್ಟಿದ ಪ್ರಶ್ನೆ ಹಿಡಿದು ಲ್ಯಾಪ್‌ಟಾಪಿಗೆ. ಪುಸ್ತಕ ಪಕ್ಕದಲ್ಲಿರಲಿ, ಮೊದಲ ಪುಟದಿಂದ ಓದಬೇಡಿ. ನನ್ನ ಹಾಗೆ ಲೆಕ್ಕಕ್ಕೆ ಹೆದರುವವರು ಪುಸ್ತಕದಿಂದ ಶುರು ಮಾಡಿದರೆ ಅಲ್ಲಿಗೇ ನಿಲ್ಲುತ್ತೀರಿ. ಭೌತಶಾಸ್ತ್ರ ಓದಿದವರಿಗೆ ಈ ಕ್ರಮ ತಿರುಗುಮುರುಗು ಆಗಬಹುದು.

ಮುಂದಿನ ಶನಿವಾರ ಲ್ಯಾಪ್‌ಟಾಪ್ ಹೊತ್ತುಕೊಂಡೇ ಹೋದೆ. ಟೀ ಹೊತ್ತಿನಲ್ಲಿ ಸಾಲು ಅಳಿಸಿ ಎರಡು ತಲೆ ತೋರಿಸಿದೆ. ಸರ್ ಕನ್ನಡಕ ಮೇಲೇರಿಸಿ ಹತ್ತಿರ ಬಂದರು. "ಓ, ಇದುಕ್ಕಾ ನಾವು ನೋ ಫೇಸ್ ರ‍್ಯಾಪ್ ಬಟನ್ ಒತ್ತೋದು? ಹದಿನಾಲ್ಕು ವರ್ಸದಿಂದ ಒತ್ತಾ ಇವ್ನಿ ಕಣಮ್ಮ. ಎಲ್ಲಿ, ಇನ್ನೊಂದ್ ಸಲ ಅಳಿಸು, ನೋಡನ."