ವಿಪಿಎನ್, ಟಾರ್, ಐಟುಪಿ: ಯಾರಿಗೆ ಏನು ಕಾಣುತ್ತದೆ?

ಇಂಟರ್ನೆಟ್‌ನಲ್ಲಿ ಗುರುತು ಮರೆಮಾಡುವ ಈ ಮೂರು ಸಾಧನಗಳನ್ನೂ ಒಂದು ತಿಂಗಳು ಮನೆಯ ಲ್ಯಾಪ್‌ಟಾಪಿನಲ್ಲಿ ಬಳಸಿ ನೋಡಿದೆ. ನನಗೆ ಬೇಕಿದ್ದದ್ದು ಒಂದೇ: ನಾನು ಯಾರು, ಎಲ್ಲಿಗೆ ಹೋದೆ, ಈ ಎರಡೂ ಒಬ್ಬರ ಕೈಗೇ ಸಿಗಬಾರದು.

ವಿಪಿಎನ್, ಅಂದರೆ ನನ್ನ ಸಂಪರ್ಕವನ್ನೆಲ್ಲ ಒಂದು ಕಂಪನಿಯ ಸರ್ವರ್ ಮೂಲಕ ಕಳಿಸುವ ಸೇವೆ, ಇಲ್ಲೇ ಸೋತಿತು. ವೇಗವೇನೋ ಚೆನ್ನಾಗಿದೆ. ಆದರೆ ಇಂಟರ್ನೆಟ್ ಕೊಡುವವನ ಕಣ್ಣು ತಪ್ಪಿಸಿ ವಿಪಿಎನ್ ಕಂಪನಿಯ ಕಣ್ಣಿಗೆ ಬಿದ್ದೆ, ಅಷ್ಟೇ. 2022ರಲ್ಲಿ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್, ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದಿತು. ಆಗ ಕೆಲವು ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನೇ ತೆಗೆದವು.

ಟಾರ್ ಬ್ರೌಸರ್‌ನಲ್ಲಿ ವಿಳಾಸದ ಪಕ್ಕದ ಗುರುತು ಒತ್ತಿದರೆ ದಾರಿ ಕಾಣುತ್ತದೆ. ಸಾಮಾನ್ಯವಾಗಿ ಮೂರು ರಿಲೇ, ಅಂದರೆ ಡೇಟಾವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಕಂಪ್ಯೂಟರ್‌ಗಳು. ಮೊದಲನೆಯದಕ್ಕೆ ನನ್ನ ಐಪಿ (ಇಂಟರ್ನೆಟ್ ವಿಳಾಸ) ಗೊತ್ತು, ಸೈಟ್ ಗೊತ್ತಿಲ್ಲ. ಕೊನೆಯದಕ್ಕೆ ಸೈಟ್ ಗೊತ್ತು, ನಾನು ಗೊತ್ತಿಲ್ಲ. ಅಪಾಯ ಇರೋದು ಆ ಕೊನೆಯ ರಿಲೇ, ಅಂದರೆ ಎಕ್ಸಿಟ್ ನೋಡ್‌ನಲ್ಲಿ. ಅದನ್ನು ಯಾರು ಬೇಕಾದರೂ ನಡೆಸಬಹುದು. 2007ರಲ್ಲಿ ಸ್ವೀಡನ್ನಿನ ಭದ್ರತಾ ತಜ್ಞ ಡಾನ್ ಎಗರ್‌ಸ್ಟಾಡ್ ಅಂಥ ಐದು ನೋಡ್ ನಡೆಸಿ, ರಾಯಭಾರ ಕಚೇರಿಗಳೂ ಸೇರಿ ಸುಮಾರು 100 ಇಮೇಲ್ ಖಾತೆಗಳ ಪಾಸ್‌ವರ್ಡ್ ಹಿಡಿದ. ಅವುಗಳಲ್ಲಿ ಭಾರತದವೂ ಇದ್ದವು! ಆ ಖಾತೆಗಳವರು ಎಕ್ಸಿಟ್‌ನಿಂದ ಆಚೆಗೆ ಗೂಢಲಿಪಿ ಇಲ್ಲದೆ ಮೇಲ್ ತೆರೆದಿದ್ದರು. ಈಗ ಬಹುತೇಕ ಸೈಟುಗಳು ಎಚ್‌ಟಿಟಿಪಿಎಸ್, ಅಂದರೆ ಸೈಟಿನವರೆಗೂ ಗೂಢಲಿಪಿ. ಅದಿಲ್ಲದ ಸೈಟ್ ಒಂದಕ್ಕೆ ಹೋದಾಗ ಬ್ರೌಸರ್ ಎಚ್ಚರಿಕೆ ಕೊಟ್ಟಿತು. ಬೆರಳು ಮಾತ್ರ ಅಭ್ಯಾಸಬಲದಿಂದ ‘ಮುಂದುವರಿಸಿ’ ಕಡೆಗೇ ಹೋಯಿತು.

ಇನ್ನೊಂದು ವಿಷಯ. ಬ್ರಿಡ್ಜ್ (ಬಹಿರಂಗ ಪಟ್ಟಿಯಲ್ಲಿಲ್ಲದ ಮೊದಲ ರಿಲೇ) ಹಾಕದಿದ್ದರೆ ನಾನು ಟಾರ್ ಬಳಸುತ್ತಿರೋದು ಇಂಟರ್ನೆಟ್ ಕೊಡುವವನಿಗೆ ಗೊತ್ತಾಗುತ್ತದೆ. ಒಳಗೇನು ನಡೀತಿದೆ ಅಂತ ಮಾತ್ರ ಗೊತ್ತಾಗಲ್ಲ.

ಐಟುಪಿ (I2P) ಬೇರೆಯೇ ಊರು: ಬಳಸುವವರ ಕಂಪ್ಯೂಟರ್‌ಗಳೇ ಸೇರಿ ಕಟ್ಟಿದ ಒಳಜಾಲ. ಅದರೊಳಗಿನ ಸೈಟುಗಳಿಗೆ ಸರಿ, ಹೊರಗಿನ ವೆಬ್‌ಗೆ ಹೋಗಲು ಅದನ್ನು ಮಾಡಿದ್ದೇ ಅಲ್ಲ. ಶುರುವಾಗಿ ಹತ್ತು ನಿಮಿಷವಾದರೂ ಪುಟ ತೆರೆಯದೆ ನಾನು ಕಾಫಿ ಮಾಡಿಕೊಂಡು ಬಂದೆ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಅದರ ಕನ್ಸೋಲ್‌ನಲ್ಲಿ (ನಿಯಂತ್ರಣ ಪುಟ) ಬೇರೆಯವರ ಸುರಂಗಗಳ, ಅಂದರೆ ಡೇಟಾ ಹಾಯುವ ದಾರಿಗಳ ಲೆಕ್ಕ. ಅವರ ಡೇಟಾ ನನ್ನ ಮನೆ ಮೂಲಕ ಹಾದುಹೋಗುತ್ತಿತ್ತು! ಒಳಗಿರೋದು ನನಗೆ ಕಾಣದು, ಆದರೆ ನನ್ನ ಐಪಿ ಐಟುಪಿಯಲ್ಲಿದೆ ಅಂತ ಅದನ್ನು ನಡೆಸುವ ಉಳಿದ ಕಂಪ್ಯೂಟರ್‌ಗಳಿಗೆ ಕಾಣುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಂತೂ ಬೇಡವೇ ಬೇಡ, ಡೇಟಾ ಖಾಲಿ.

ಇಷ್ಟೆಲ್ಲ ನೋಡಿದ ನಾನೇ ಒಂದು ಸಂಜೆ ಟಾರ್‌ನಲ್ಲಿ ನನ್ನ ದಿನನಿತ್ಯದ ಮೇಲ್‌ಗೆ ಲಾಗಿನ್ ಆದೆ. ಫೋನ್ ಟಿಂಗ್ ಅಂತು: ‘ಜರ್ಮನಿಯಿಂದ ಲಾಗಿನ್. ಇದು ನೀವೇನಾ?’ ಎಕ್ಸಿಟ್ ನೋಡ್ ಅಲ್ಲಿನದು, ಲಾಗಿನ್ ಆದದ್ದು ನಾನೇ! ಮೂರು ರಿಲೇ ಮುಚ್ಚಿಟ್ಟಿದ್ದನ್ನು ನಾನೇ ಹೆಸರು ಹೇಳಿ ಬಂದಿದ್ದೆ, ಅಲ್ವಾ?

ಐಟುಪಿ ತೆಗೆದೆ. ವಿಪಿಎನ್ ಹೋಟೆಲ್ ವೈಫೈಗೆ ಇರಲಿ ಅಂತ ಬಿಟ್ಟಿದ್ದೇನೆ. ಟಾರ್ ಇದೆ, ಅದರಲ್ಲಿ ಮೇಲ್ ತೆರೆಯಲ್ಲ.