ವಾಲ್ವ್ ರೇಡಿಯೋ ಕೆಪಾಸಿಟರ್ ಕಿಟ್: ಹಳದಿ ಫಿಲ್ಮ್‌ಗೆ ಪೂರ್ತಿ ಅಂಕ, ಉಳಿದದ್ದನ್ನು ನೋಡಿ ಹಾಕಿ

ಹಳೆಯ ಫಿಲಿಪ್ಸ್, ಮರ್ಫಿ, ಬುಷ್ ಸೆಟ್ಟುಗಳಿಗೆಂದು ಆನ್‌ಲೈನ್‌ನಲ್ಲಿ ಸಿಗುವ ಕಿಟ್‌ಗಳ ಒಳಗಿರುವುದು ಹೆಚ್ಚುಕಡಿಮೆ ಒಂದೇ: 0.001ರಿಂದ 0.1 ಮೈಕ್ರೋಫ್ಯಾರಡ್‌ವರೆಗಿನ 630 ವೋಲ್ಟಿನ ಹಳದಿ ಆಕ್ಸಿಯಲ್ ಫಿಲ್ಮ್ ಕೆಪಾಸಿಟರುಗಳು, ಜೊತೆಗೆ 450 ವೋಲ್ಟಿನ ಒಂದಷ್ಟು ಎಲೆಕ್ಟ್ರೋಲಿಟಿಕ್. ಫಿಲ್ಮ್ ಭಾಗಕ್ಕೆ ಕೊಟ್ಟ ಹಣ ಸಾರ್ಥಕ. ಎಲೆಕ್ಟ್ರೋಲಿಟಿಕ್ ಭಾಗವನ್ನು ಕಣ್ಣು ಮುಚ್ಚಿ ಹಾಕಿದರೆ ರೆಕ್ಟಿಫೈಯರ್ ವಾಲ್ವ್ (ಎಸಿಯನ್ನು ಡಿಸಿ ಮಾಡುವುದು) ಕಳೆದುಕೊಳ್ಳಬಹುದು.

ಮೊದಲು ಒಳ್ಳೆಯದು. ಮೇಣ ಹಚ್ಚಿದ ಹಳೆಯ ಪೇಪರ್ ಕೆಪಾಸಿಟರುಗಳು ಇಷ್ಟು ವರ್ಷದಲ್ಲಿ ತೇವ ಹೀರಿ ಬಹುಮಟ್ಟಿಗೆ ಡಿಸಿ ಕರೆಂಟನ್ನು ಸೋರಿಸುತ್ತಿರುತ್ತವೆ. ಅವುಗಳಲ್ಲಿ ಒಂದು ಸೆಟ್ಟನ್ನೇ ಸುಡಬಲ್ಲದು: ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ (ಕರೆಂಟನ್ನು ಹಿಡಿತದಲ್ಲಿಡುವ ತುದಿ) ಸಿಗ್ನಲ್ ಕೊಡುವ 0.01 ಮೈಕ್ರೋಫ್ಯಾರಡಿನದು. ಅದರ ಒಂದು ತುದಿ ಹಿಂದಿನ ವಾಲ್ವಿನ ಆನೋಡಿನಲ್ಲಿ (ಹೆಚ್ಚು ಪಾಸಿಟಿವ್ ವೋಲ್ಟೇಜಿರುವ ತುದಿ) ಇರುತ್ತದೆ. ಅಲ್ಲಿ 90 ವೋಲ್ಟ್ ಇದೆ, ಗ್ರಿಡ್ ರೆಸಿಸ್ಟರ್ 470 ಕಿಲೋ ಓಮ್ ಎಂದಿಟ್ಟುಕೊಳ್ಳಿ. ಸೋರಿಕೆ ಬರೀ 10 ಮೆಗಾ ಓಮ್ ಆದರೂ ಸೊನ್ನೆಯಲ್ಲಿರಬೇಕಾದ ಗ್ರಿಡ್ ಸುಮಾರು 4 ವೋಲ್ಟ್ ಮೇಲೇರುತ್ತದೆ. ಇಎಲ್84 ಎಂಬ ಔಟ್‌ಪುಟ್ ವಾಲ್ವಿಗೆ ಬೇಕಾದ ಬಯಾಸ್ (ಕ್ಯಾಥೋಡಿಗಿಂತ ಗ್ರಿಡ್ ಕೆಳಗಿರಬೇಕಾದ ವೋಲ್ಟೇಜ್) ಇರುವುದೇ 7 ವೋಲ್ಟ್ ಆಸುಪಾಸು. ಆನೋಡ್ ಕೆಂಪಗೆ ಕಾಯುತ್ತದೆ, ಹಾಗೇ ಬಿಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಈ ಸೋರಿಕೆ ಕಾಣುವುದು ಅಪರೂಪ, ಏಕೆಂದರೆ ಮೀಟರ್ ಕೊಡುವುದು ಒಂದೆರಡು ವೋಲ್ಟ್ ಮಾತ್ರ. ಸೆಟ್ ಚಾಲೂ ಇರುವಾಗಲೇ ಗ್ರಿಡ್‌ನ ಡಿಸಿ ಅಳೆಯಬೇಕು. ಔಟ್‌ಪುಟ್ ವಾಲ್ವ್ ತೆಗೆದ ಮೇಲೂ ಪಾಸಿಟಿವ್ ಉಳಿದರೆ ತಪ್ಪು ಕೆಪಾಸಿಟರಿನದು; ತೆಗೆದೊಡನೆ ಸೊನ್ನೆಯಾದರೆ ವಾಲ್ವಿನದೇ. (ವಾಲ್ವ್ ತೆಗೆದು ನೋಡುವ ಈ ಉಪಾಯ ಹೀಟರುಗಳು ಪ್ಯಾರಲಲ್ ಇರುವ ಸೆಟ್ಟಿಗೆ ಮಾತ್ರ.) ಸಮಯವಿಲ್ಲದವರು ಇದೊಂದನ್ನಾದರೂ ಬದಲಿಸಿ.

ಮೌಲ್ಯಗಳ ಹೊಂದಾಣಿಕೆಗೆ ತಲೆಕೆಡಿಸಿಕೊಳ್ಳಬೇಕಿಲ್ಲ. 0.005 ಇದ್ದಲ್ಲಿ 0.0047, 0.02ಕ್ಕೆ 0.022, 0.05ಕ್ಕೆ 0.047 ಸಾಕು. ಕಾಲುಗಳು ತೆಳು, ಸ್ಲೀವ್ ಹಾಕಿಯೇ ಬೆಸುಗೆ ಮಾಡಿ. ಆದರೆ 630 ವೋಲ್ಟ್ ಎಲ್ಲ ಕಡೆಗೂ ಸಾಲದು. ಔಟ್‌ಪುಟ್ ವಾಲ್ವಿನ ಆನೋಡಿಗಿರುವ ಟೋನ್ ಕೆಪಾಸಿಟರಿನ ಮೇಲೆ ಜೋರು ದನಿಯಲ್ಲಿ ಎಚ್‌ಟಿಯ (ವಾಲ್ವುಗಳಿಗೆ ಕೊಡುವ ಹೆಚ್ಚಿನ ಡಿಸಿ ವೋಲ್ಟೇಜ್) ಎರಡರಷ್ಟು ವೋಲ್ಟೇಜ್ ಬೀಳಬಹುದು. ಅಲ್ಲಿಗೆ 1000 ವೋಲ್ಟ್ ಅಥವಾ ಹೆಚ್ಚಿನದನ್ನು ಬೇರೆ ಕೊಳ್ಳಿ.

ಇನ್ನು ಎಲೆಕ್ಟ್ರೋಲಿಟಿಕ್. ಕೆಲವು ಕಿಟ್‌ಗಳಲ್ಲಿ 100 ಮೈಕ್ರೋಫ್ಯಾರಡ್ ಕೂಡ ಇರುತ್ತದೆ, "ಗುಂಯ್ ಸದ್ದು ಪೂರ್ತಿ ಹೋಗುತ್ತದೆ" ಎಂಬ ಮಾತಿನೊಂದಿಗೆ. ಹಾಕಬೇಡಿ. ಇಝಡ್80 ರೆಕ್ಟಿಫೈಯರಿನ ಮೊದಲ ಫಿಲ್ಟರ್ ಕೆಪಾಸಿಟರಿಗೆ 50ರ ಮಿತಿಯಿದೆ. ಅದಕ್ಕಿಂತ ದೊಡ್ಡದಾದರೆ ಪ್ರತಿ ಸೈಕಲ್ಲಿನಲ್ಲೂ ಎಳೆಯುವ ಕರೆಂಟಿನ ಪೆಟ್ಟಿಗೆ ಕ್ಯಾಥೋಡ್ ಸವೆಯುತ್ತದೆ. ಮೂಲದಲ್ಲಿ 32 ಇದ್ದರೆ 33 ಹಾಕಿ, 105 ಡಿಗ್ರಿಯದು. ಹಳೆಯ ಎಲೆಕ್ಟ್ರೋಲಿಟಿಕ್ ಡಬ್ಬಿಯನ್ನು ಷಾಸಿಯ (ಭಾಗಗಳನ್ನು ಕೂರಿಸಿದ ಲೋಹದ ತಳ) ಮೇಲೆ ಚೆಂದಕ್ಕೆ ಉಳಿಸಬಹುದು, ಆದರೆ ಅದರ ವೈರ್ ಬಿಡಿಸಿರಬೇಕು. ಪ್ಯಾರಲಲ್ ಆಗಿ ಬಿಟ್ಟರೆ ಸೋರಿಕೆ ಹಾಗೇ ಉಳಿಯಿತು. ಡಬ್ಬಿಗೂ ಷಾಸಿಗೂ ನಡುವೆ ಫೈಬರ್ ವಾಷರ್ ಕಂಡರೆ ನಿಲ್ಲಿ. ಆ ಸೆಟ್ಟಿನಲ್ಲಿ ನೆಗೆಟಿವ್ ತುದಿ ಷಾಸಿಗಲ್ಲ, ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪಿಗೆ ಹೋಗಿರಬಹುದು, ನಡುವಿನ ರೆಸಿಸ್ಟರಿನಿಂದ ಬಯಾಸ್ ಸಿಗುತ್ತಿರುತ್ತದೆ. ಹೊಸದರ ನೆಗೆಟಿವ್ ಅನ್ನು ರೂಢಿಯಂತೆ ಷಾಸಿಗೆ ಹಾಕಿದಿರೋ, ಬಯಾಸ್ ಮಾಯ.

ಕಿಟ್‌ನ ದೊಡ್ಡ ಕೊರತೆ ಮೇನ್ಸ್ ಕಡೆಯದು. 230 ವೋಲ್ಟ್ ಲೈನಿಗೆ ಅಡ್ಡಲಾಗಿರುವ ಕೆಪಾಸಿಟರ್ ಜಾಗಕ್ಕೆ ಹಳದಿಯದು ಸಲ್ಲದು. ಅಲ್ಲಿ ಎಕ್ಸ್2 ದರ್ಜೆಯದೇ ಬೇಕು, ಲೈನಿನಿಂದ ಷಾಸಿಗೆ ವೈ2 (ಎರಡೂ ಮೇನ್ಸ್‌ಗೆಂದೇ ಮಾಡಿದ ಸುರಕ್ಷತಾ ದರ್ಜೆಗಳು). ಯುಸಿಎಚ್81, ಯುಸಿಎಲ್82 ವಾಲ್ವುಗಳಿರುವ ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟಾದರೆ ಷಾಸಿಯೇ ಮೇನ್ಸ್. ಏರಿಯಲ್ ಸಾಕೆಟ್ಟಿನ ಕೆಪಾಸಿಟರ್ ಕೂಡ ವೈ ದರ್ಜೆಯದಾಗಿರಲಿ, ಕೆಲಸ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ (ಸೆಟ್ಟನ್ನು ಮೇನ್ಸಿನಿಂದ ಬೇರ್ಪಡಿಸುವುದು) ಮೇಲೆ ನಡೆಯಲಿ. ಐಎಫ್ ಡಬ್ಬಿಯೊಳಗಿನ (ಸ್ಟೇಷನ್‌ ಬೇರ್ಪಡಿಸುವ ಟ್ಯೂನ್ಡ್ ಕಾಯಿಲುಗಳಿರುವುದು) ಮೈಕಾ ಕೆಪಾಸಿಟರುಗಳನ್ನು ಸುಮ್ಮನೆ ಮುಟ್ಟಬೇಡಿ, ಅಲೈನ್‌ಮೆಂಟ್ ಕೆಡುತ್ತದೆ.

ಸರ್ಕ್ಯೂಟ್ ಓದಬಲ್ಲವರಿಗೆ ಕಿಟ್‌ಗಿಂತ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಡಿಬಿಡಿಯಾಗಿ ಕೊಳ್ಳುವುದೇ ಲೇಸು; ಬೇಡದ ಮೌಲ್ಯದವು ಡಬ್ಬಿಯಲ್ಲಿ ಕೊಳೆಯುವುದಿಲ್ಲ. ಹೋದಾಗ ರೆಸಿಸ್ಟರುಗಳನ್ನೂ ತನ್ನಿ, ಕಿಟ್‌ನಲ್ಲಿ ಅವಿಲ್ಲ. ಹಳೆಯ ಕಾರ್ಬನ್ ರೆಸಿಸ್ಟರಿನ ಓಮ್ ಮೌಲ್ಯ ವರ್ಷ ಕಳೆದಂತೆ ಏರುತ್ತದೆ. 220 ಕಿಲೋ ಎಂದು ಬಣ್ಣ ಹೇಳುವುದು ಮೀಟರಿನಲ್ಲಿ 300 ತೋರಿಸಿದರೆ ಬದಲಿಸಿ. ಕಾಲು ವಾಟಿನದು ಶಾಖ ತಡೆದರೂ ಎಚ್‌ಟಿ ವೋಲ್ಟೇಜ್ ತಡೆಯಲಾರದು. ಅರ್ಧ ಅಥವಾ ಒಂದು ವಾಟಿನ ಮೆಟಲ್ ಫಿಲ್ಮ್ ಕೇಳಿ.